ಅಮಾವಾಸ್ಯೆಯ ಸೂಜಿ: ಸಂತಾನ ಚಿಕಿತ್ಸೆಯಲ್ಲಿ ಹೊತ್ತಿನ ವಿಚಾರ

ಬಸವಕಲ್ಯಾಣ ತಾಲೂಕಿನ ಕೊಹಿನೂರ ಹೋಬಳಿಯ ಒಂದು ಸದ್ಭಕ್ತ ಮನೆತನದಲ್ಲಿ 2022ನೆಯ ಇಸವಿಯಲ್ಲಿ ನಡೆದ ಸಂಗತಿಯೊಂದನ್ನು ಮೊದಲಿಗೇ ನಿವೇದಿಸಿಕೊಳ್ಳಬೇಕಾಗಿದೆ. ಅದರಲ್ಲಿ ತಪ್ಪು ನನ್ನದು. ಆ ದಂಪತಿಗಳ ಒಪ್ಪಿಗೆ ಪಡೆದು, ಅವರ ಹೆಸರು ಹೇಳದೆ ಬರೆಯುತ್ತಿದ್ದೇನೆ.

ಮದುವೆಯಾಗಿ ಒಂಬತ್ತು ವರುಷ ಕಳೆದರೂ ಅವರಿಗೆ ಮಕ್ಕಳಾಗಿರಲಿಲ್ಲ. ತೊಗರಿ, ಸೋಯಾ ಬೆಳೆಯುವ ಸಾಧಾರಣ ಒಕ್ಕಲುತನದ ಮನೆ. ಹರಕೆ, ಉಪವಾಸ, ನಾಟಿ ಔಷಧಗಳೆಲ್ಲ ಮುಗಿದ ಮೇಲೆ, ಒಂದು ಎಕರೆ ಹೊಲವನ್ನು ಒತ್ತೆ ಇಟ್ಟು ದೊಡ್ಡ ಊರೊಂದರ ಆಸ್ಪತ್ರೆಯಲ್ಲಿ ಪ್ರನಾಳ ಶಿಶು ಚಿಕಿತ್ಸೆಗೆ ಹೊರಟರು. ಹತ್ತು ಹನ್ನೊಂದು ದಿನ ನಿತ್ಯವೂ ಚುಚ್ಚುಮದ್ದು. ಆಮೇಲೆ ಒಂದು ದಿನ ವೈದ್ಯರು, 'ಈ ರಾತ್ರಿ ಸರಿಯಾಗಿ ಹತ್ತು ಗಂಟೆಗೆ ಕೊನೆಯ ಸೂಜಿ ಮಾಡಿಸಿಕೊಳ್ಳಿ, ನಾಡಿದ್ದು ಬೆಳಿಗ್ಗೆ ಒಂಬತ್ತಕ್ಕೆ ಅಂಡ ತೆಗೆಯುತ್ತೇವೆ' ಎಂದು ಹೇಳಿ, ಮದ್ದನ್ನು ಮಂಜುಗಡ್ಡೆಯ ಪೊಟ್ಟಣದಲ್ಲಿಟ್ಟು ಊರಿಗೆ ಕಳುಹಿಸಿದರು. ಊರಿನ ಕಂಪೌಂಡರರು ಸೂಜಿ ಚುಚ್ಚಲು ಒಪ್ಪಿದ್ದರು.

ಅಂದು ಅಮಾವಾಸ್ಯೆ. ಹಿರಿಯರಿಗೆ ಮನಸ್ಸು ಒಪ್ಪಲಿಲ್ಲ. ಸಂಜೆ ಆ ಗೃಹಸ್ಥ ನನಗೆ ಫೋನು ಮಾಡಿದ. "ಅಯ್ನೋರೆ, ಡಾಕ್ಟರ್ ಇವತ್ತ ರಾತ್ರಿ ಹತ್ತಕ್ಕ ಸೂಜಿ ಮಾಡಿಸ್ರಿ ಅಂದಾರ. ಇವತ್ತ ನೋಡಿದ್ರ ಅಮಾಸಿ ಅದ. ಅವ್ವ ಬ್ಯಾಡ ಅಂತಾಳ. ಏನ್ ಮಾಡ್ಬೇಕ್ರಿ?" ಎಂದು ಕೇಳಿದ.

ಮಠದಲ್ಲಿ ಓದಿ ಬೆಳೆದವನು ನಾನು. ಶರಣರ ವಚನಗಳನ್ನು ನಾಲ್ಕು ದಶಕಗಳಿಂದ ಪಾಠ ಹೇಳುತ್ತಿರುವವನು. ತಿಥಿ, ವಾರ, ನಕ್ಷತ್ರಗಳ ಭಯವನ್ನು ಬಸವಣ್ಣನವರು ಒಪ್ಪಲಿಲ್ಲವೆಂದು ಎಷ್ಟೋ ವೇದಿಕೆಗಳಲ್ಲಿ ಮಾತಾಡಿದ್ದೇನೆ. ಆದರೆ ಆ ಸಂಜೆ ಬಾಯಿಂದ ಬಂದದ್ದು ಹಳೆಯ ರೂಢಿಯ ಮಾತು. "ಒಂದು ರಾತ್ರಿಯಿಂದ ಏನಾಗುತ್ತದೆ? ಬೆಳಗಿನ ಜಾವ ಪಾಡ್ಯಕ್ಕೆ ಮಾಡಿಸಿರಿ, ಅವ್ವನ ಮನಸ್ಸೂ ನಿಲ್ಲುತ್ತದೆ" ಎಂದುಬಿಟ್ಟೆ. ಅವರು ಹಾಗೆಯೇ ಮಾಡಿದರು. ಬೆಳಗಿನ ಐದು ಗಂಟೆಗೆ ಸೂಜಿಯಾಯಿತು. ವೈದ್ಯರಿಗೆ ಈ ಮಾತನ್ನು ಯಾರೂ ತಿಳಿಸಲಿಲ್ಲ.

ಹತ್ತು ಗಂಟೆಗೆ ಕೊಟ್ಟಿದ್ದರೆ ಅಂಡ ತೆಗೆಯುವ ಹೊತ್ತಿಗೆ ಮೂವತ್ತೈದು ಗಂಟೆ ಆಗಿರುತ್ತಿತ್ತು. ಐದಕ್ಕೆ ಕೊಟ್ಟದ್ದರಿಂದ ಇಪ್ಪತ್ತೆಂಟೇ ಆಯಿತು. ಸಿಕ್ಕ ಅಂಡಗಳು ಕೆಲವೇ, ಅವೂ ಬಲಿತಿರಲಿಲ್ಲ. ಒಂದೂ ಫಲಿಸಲಿಲ್ಲ. ವೈದ್ಯರು ಮತ್ತೆ ಮತ್ತೆ ಕೇಳಿದ ಮೇಲೆ ಗಂಡ ನಿಜ ಹೇಳಿದ. ಅವರು ಹೇಳಿದ್ದು ಇಷ್ಟೇ: "ಅಂದು ಬೆಳಿಗ್ಗೆಯೇ ನನಗೊಂದು ಫೋನು ಮಾಡಿದ್ದರೆ ಸಾಕಿತ್ತು, ಅಂಡ ತೆಗೆಯುವ ಹೊತ್ತನ್ನು ಸಂಜೆಗೆ ಸರಿಸುತ್ತಿದ್ದೆ."

ಒತ್ತೆ ಬಿದ್ದ ಹೊಲಕ್ಕೆ ಬಡ್ಡಿ ಏರುತ್ತಿತ್ತು. ಆ ತಾಯಿ ನನ್ನನ್ನು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ಭಾರವಾಯಿತು. ಕಲಬುರಗಿಯಲ್ಲಿ ನನಗೆ ಬಹಳ ದಿನದಿಂದ ಪರಿಚಿತರಾದ ಸ್ತ್ರೀರೋಗ ತಜ್ಞೆಯೊಬ್ಬರಿದ್ದಾರೆ. ಅವರ ಬಳಿ ಕುಳಿತು, ಶಾಲೆಯ ಹುಡುಗನಂತೆ ಈ ವಿಷಯವನ್ನು ಕೇಳಿ ತಿಳಿದೆ, ಅವರು ಕೊಟ್ಟ ಪುಸ್ತಕಗಳನ್ನು ಓದಿದೆ. ನಮ್ಮ ಭಾಗದ ಅನೇಕ ಮನೆಗಳು ಇಂದು ಕಲಬುರಗಿ, ಸೊಲ್ಲಾಪುರ, ಹೈದರಾಬಾದುಗಳಿಗೆ ಈ ಚಿಕಿತ್ಸೆಗಾಗಿ ತಿರುಗಾಡುತ್ತಿವೆ. ನನ್ನಂಥವರಲ್ಲಿ ಮಾತು ಕೇಳುವ ಮನೆಗಳೂ ಇನ್ನೂ ಇವೆ. ಆದುದರಿಂದ ಈ ಬರಹ.

ದೇಹದ ಪಂಚಾಂಗ

ಸ್ತ್ರೀದೇಹಕ್ಕೆ ತನ್ನದೇ ಒಂದು ಪಂಚಾಂಗವಿದೆ. ಮುಟ್ಟಿನ ಮೊದಲ ದಿನವೇ ಅದರ ಪಾಡ್ಯ. ಅಂದಿನಿಂದ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಸಣ್ಣ ಗ್ರಂಥಿಯು ಒಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದರ ಪ್ರೇರಣೆಯಿಂದ ಅಂಡಾಶಯದಲ್ಲಿ ನೀರುಗುಳ್ಳೆಯಂಥ ಚೀಲವೊಂದು ಬೆಳೆಯುತ್ತದೆ. ಅದರೊಳಗೆ ಅಂಡವಿರುತ್ತದೆ. ಬೆಳೆಯುತ್ತಿರುವ ಆ ಚೀಲವೇ ಈಸ್ಟ್ರೋಜನ್ ಎಂಬ ಇನ್ನೊಂದು ಹಾರ್ಮೋನನ್ನು ಸ್ರವಿಸಿ ಗರ್ಭಕೋಶದ ಒಳಪದರವನ್ನು ದಪ್ಪವಾಗಿಸುತ್ತದೆ. ಚೀಲವು ಸುಮಾರು ಹದಿನೆಂಟರಿಂದ ಇಪ್ಪತ್ತು ಮಿಲಿಮೀಟರ್ ಆದಾಗ ಮಿದುಳಿನಿಂದ ಎಲ್.ಎಚ್. ಎಂಬ ಹಾರ್ಮೋನಿನ ಏರಿಕೆ ಬರುತ್ತದೆ. ಆ ಏರಿಕೆ ಆರಂಭವಾಗಿ ಸುಮಾರು ಮೂವತ್ತಾರು ಗಂಟೆಗಳಲ್ಲಿ ಅಂಡವು ಹೊರಬೀಳುತ್ತದೆ. ಹೊರಬಿದ್ದ ಅಂಡದ ಆಯುಷ್ಯ ಒಂದು ದಿನವೂ ಇಲ್ಲವೆನ್ನಬಹುದು.

ಆ ಮನೆಯವರು ತಡಮಾಡಿದ ಸೂಜಿ ಈ ಏರಿಕೆಯನ್ನು ಅನುಕರಿಸುವ ಸೂಜಿಯೇ. ಅದು ದೇಹಕ್ಕೆ ಸೇರಿದ ಕ್ಷಣದಿಂದ ಒಳಗೆ ಒಂದು ಗಡಿಯಾರ ನಡೆಯತೊಡಗುತ್ತದೆ. ಬೇಗ ತೆಗೆದರೆ ಅಂಡ ಬಲಿತಿರುವುದಿಲ್ಲ, ಚೀಲದ ಗೋಡೆಯನ್ನು ಬಿಟ್ಟಿರುವುದೂ ಇಲ್ಲ. ತಡವಾದರೆ ತಾನಾಗಿಯೇ ಉದುರಿ ಕೈಗೆ ಸಿಗದೆ ಹೋಗುತ್ತದೆ. ಮೂವತ್ತನಾಲ್ಕರಿಂದ ಮೂವತ್ತಾರು ಗಂಟೆಗಳ ನಡುವಿನ ಕಿರಿದಾದ ಅವಕಾಶದಲ್ಲಿ ವೈದ್ಯರು ತಮ್ಮ ಕೆಲಸ ಮುಗಿಸಬೇಕು. ಹೀಗಾಗಿ ಅವರು 'ರಾತ್ರಿ ಹತ್ತು' ಎಂದರೆ ಅದು ಹತ್ತೇ. ಅದನ್ನು ಅವರು ಬೆಳಗಿನ ಶಸ್ತ್ರಚಿಕಿತ್ಸೆಯಿಂದ ಹಿಂದಕ್ಕೆ ಎಣಿಸಿ ಇಟ್ಟಿರುತ್ತಾರೆ.

ಅಂಡ ಹೊರಬಿದ್ದ ಮೇಲೆ ಬರಿದಾದ ಚೀಲವು ಹಳದಿ ಬಣ್ಣಕ್ಕೆ ತಿರುಗಿ ಪ್ರೊಜೆಸ್ಟರೋನ್ ಎಂಬ ಹಾರ್ಮೋನನ್ನು ಸ್ರವಿಸಲಾರಂಭಿಸುತ್ತದೆ. ಈ ಬರಹದ ಮುಖ್ಯ ವಿಷಯ ಇದೇ ಹಾರ್ಮೋನು. 1929ರಲ್ಲಿ ಅಮೆರಿಕದ ಕಾರ್ನರ್ ಮತ್ತು ಅಲೆನ್ ಎಂಬ ವಿಜ್ಞಾನಿಗಳು ಮೊಲಗಳ ಮೇಲೆ ಪ್ರಯೋಗ ಮಾಡಿ, ಗರ್ಭ ನಿಲ್ಲಬೇಕಾದರೆ ಈ ಹಳದಿ ಗ್ರಂಥಿಯ ಸ್ರಾವ ಬೇಕೆಂದು ತೋರಿಸಿದರು. 1934ರಲ್ಲಿ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಲಾಯಿತು. ಈಸ್ಟ್ರೋಜನ್ ದಪ್ಪವಾಗಿಸಿದ ಒಳಪದರವನ್ನು ಹದಗೊಳಿಸಿ, ಬೀಜ ಊರಲು ಯೋಗ್ಯವಾಗಿಸುವುದು ಈ ಹಾರ್ಮೋನಿನ ಕೆಲಸ. ನಮ್ಮ ಒಕ್ಕಲಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಿದ್ದ ಕರಿಮಣ್ಣಿಗೆ ಹದ ಬಂದಾಗ ಬಿತ್ತಬೇಕು. ಮುಂಚೆ ಬಿತ್ತಿದರೆ ಕೊಳೆಯುತ್ತದೆ, ಹದ ಆರಿದ ಮೇಲೆ ಬಿತ್ತಿದರೆ ಮೊಳೆಯುವುದಿಲ್ಲ.

ಅದೇ ಗುಳಿಗೆ, ಬೇರೆ ದಿನ

ಸಂತಾನ ಚಿಕಿತ್ಸೆಯಲ್ಲಿ ಪ್ರೊಜೆಸ್ಟರೋನನ್ನು ಗುಳಿಗೆಯಾಗಿಯೂ, ಯೋನಿಯಲ್ಲಿ ಇಡುವ ಮೆತ್ತನೆಯ ಮಾತ್ರೆಯಾಗಿಯೂ, ಚುಚ್ಚುಮದ್ದಾಗಿಯೂ ಕೊಡುತ್ತಾರೆ. ಇದನ್ನು 'ಗರ್ಭ ನಿಲ್ಲುವ ಗುಳಿಗೆ' ಎಂದು ನಮ್ಮ ಹೆಣ್ಣುಮಕ್ಕಳು ಕರೆಯುತ್ತಾರೆ. ಹೆಸರಿನಲ್ಲಿ ತಪ್ಪಿಲ್ಲ. ಆದರೆ ಇದೇ ಗುಳಿಗೆ ಅಂಡ ಬಿಡುಗಡೆಗೆ ಮುಂಚೆ ದೇಹವನ್ನು ಸೇರಿದರೆ ಅದರ ಕೆಲಸ ತಿರುವುಮುರುವಾಗುತ್ತದೆ. ಮಿದುಳಿನ ಎಲ್.ಎಚ್. ಏರಿಕೆಯನ್ನು ಅದು ತಡೆಯಬಲ್ಲದು, ಗರ್ಭಕೋಶದ ಬಾಯಿಯ ಲೋಳೆಯನ್ನು ಗಟ್ಟಿಮಾಡಿ ವೀರ್ಯಾಣುಗಳಿಗೆ ದಾರಿ ಮುಚ್ಚುತ್ತದೆ, ಒಳಪದರವನ್ನು ಹೊತ್ತಲ್ಲದ ಹೊತ್ತಿನಲ್ಲಿ ಮಾಗಿಸಿಬಿಡುತ್ತದೆ. ಹಲವು ಸಂತಾನನಿಯಂತ್ರಣ ಗುಳಿಗೆಗಳು ಕೆಲಸ ಮಾಡುವುದೂ ಇದೇ ಜಾತಿಯ ಹಾರ್ಮೋನಿನಿಂದ ಎಂಬುದನ್ನು ತಿಳಿದಾಗ ನನಗೆ ಆಶ್ಚರ್ಯವಾಯಿತು. ಯಾವುದನ್ನು ಮಗುವಿಗಾಗಿ ನುಂಗುತ್ತಾರೋ ಅದೇ, ಒಂದು ವಾರ ಮೊದಲಾದರೆ, ಮಗು ಬಾರದಂತೆ ಕಾಯುತ್ತದೆ!

ಹುಮನಾಬಾದ ಕಡೆಯ ಒಬ್ಬ ಸೊಸೆಯ ವೃತ್ತಾಂತವನ್ನು ಆ ವೈದ್ಯೆಯೇ ಹೇಳಿದರು. ಆಕೆಗೆ ಮುಟ್ಟಿನ ಹದಿನಾರನೆಯ ದಿನದಿಂದ ಹತ್ತು ದಿನ ಗುಳಿಗೆ ನುಂಗಬೇಕೆಂದು ಎಲ್ಲಿಯೋ ಒಮ್ಮೆ ಬರೆದುಕೊಟ್ಟಿದ್ದರು. ಆ ಚೀಟಿಯನ್ನೇ ಔಷಧದ ಅಂಗಡಿಗೆ ತೋರಿಸುತ್ತ ಆಕೆ ಎಂಟು ತಿಂಗಳು ಗುಳಿಗೆ ತಿಂದಳು. ಆಕೆಯ ಋತುಚಕ್ರ ಮೂವತ್ತಾರು ದಿನಗಳದು. ಇಪ್ಪತ್ತೆಂಟು ದಿನದ ಚಕ್ರವುಳ್ಳವರಿಗೆ ಅಂಡ ಬಿಡುಗಡೆ ಹದಿನಾಲ್ಕನೆಯ ದಿನದ ಆಸುಪಾಸಿನಲ್ಲಿ ಆಗುತ್ತದೆ. ಮೂವತ್ತಾರು ದಿನದವಳಿಗೆ ಅದು ಇಪ್ಪತ್ತೆರಡನೆಯ ದಿನದ ಸುಮಾರಿಗೆ. ಅಂಡ ಬಿಡುಗಡೆಯಿಂದ ಮುಂದಿನ ಮುಟ್ಟಿನವರೆಗಿನ ಅವಧಿ ಹೆಚ್ಚುಕಡಿಮೆ ಎರಡು ವಾರ. ವ್ಯತ್ಯಾಸವೆಲ್ಲ ಬಹುಮಟ್ಟಿಗೆ ಮೊದಲರ್ಧದಲ್ಲಿಯೇ ಇರುವುದು. ಹೀಗೆ ಆ ಹೆಣ್ಣುಮಗಳು ಎಂಟು ತಿಂಗಳು ತನ್ನ ಅಂಡ ಬಿಡುಗಡೆಗೆ ತಾನೇ ಅಡ್ಡಗೋಡೆ ಕಟ್ಟಿಕೊಳ್ಳುತ್ತಿದ್ದಳು. ಊರಿನವರು ಅವಳನ್ನು ಬಂಜೆಯೆನ್ನುತ್ತಿದ್ದರು.

ಆದುದರಿಂದ ವೈದ್ಯರು 'ಹದಿನಾಲ್ಕು', 'ಹದಿನಾರು' ಎಂಬ ಅಂಕೆಯನ್ನು ನೆಚ್ಚದೆ, ಸ್ಕ್ಯಾನ್ ಮಾಡಿ ಚೀಲ ಒಡೆದದ್ದನ್ನು ಕಂಡೋ ರಕ್ತ ಪರೀಕ್ಷೆಯಿಂದಲೋ ದಿನವನ್ನು ನಿಶ್ಚಯಿಸುತ್ತಾರೆ. ಮೂರು ನಾಲ್ಕು ಸಲ ಸ್ಕ್ಯಾನಿಗೆ ಕರೆದರೆ 'ದುಡ್ಡಿಗಾಗಿ ಕರೆಯುತ್ತಾರೆ' ಎಂದು ನಾವು ಗೊಣಗುತ್ತೇವೆ. ಅಂಥವರು ಇಲ್ಲವೆಂದು ನಾನು ಹೇಳಲಾರೆ. ಆದರೆ ಈ ಲೆಕ್ಕಕ್ಕೆ ಸ್ಕ್ಯಾನ್ ಬೇಕೇ ಬೇಕು.

ಅಂಡವನ್ನು ಹೊರತೆಗೆದು ಭ್ರೂಣ ಮಾಡುವ ಚಿಕಿತ್ಸೆಯಲ್ಲಿ ಪ್ರೊಜೆಸ್ಟರೋನನ್ನು ಸಾಮಾನ್ಯವಾಗಿ ಅಂಡ ತೆಗೆದ ದಿನದ ಸಂಜೆಯಿಂದ ಮೂರನೆಯ ದಿನದೊಳಗೆ ಆರಂಭಿಸುತ್ತಾರೆ. ಶೈತ್ಯದಲ್ಲಿರಿಸಿದ ಭ್ರೂಣವನ್ನು ಇನ್ನೊಂದು ತಿಂಗಳಲ್ಲಿ ಸ್ಥಾಪಿಸುವುದಾದರೆ ಲೆಕ್ಕ ಇನ್ನೂ ಬಿಗಿ. ಮೊದಲು ಎರಡು ವಾರದ ಸುಮಾರು ಈಸ್ಟ್ರೋಜನ್ ಗುಳಿಗೆ ಕೊಟ್ಟು ಒಳಪದರ ದಪ್ಪವಾದುದನ್ನು ನೋಡಿ, ಆಮೇಲೆ ಪ್ರೊಜೆಸ್ಟರೋನ್ ಆರಂಭಿಸುತ್ತಾರೆ. ಐದು ದಿನ ಬೆಳೆದ ಭ್ರೂಣವನ್ನು ಐದು ದಿನ ಪ್ರೊಜೆಸ್ಟರೋನ್ ಉಂಡ ಗರ್ಭಕೋಶದಲ್ಲಿ ಇಡಬೇಕು. ಭ್ರೂಣದ ವಯಸ್ಸೂ ಗರ್ಭಕೋಶದ ವಯಸ್ಸೂ ಒಂದೇ ಆಗಿರಬೇಕೆಂಬುದು ಇದರ ಮರ್ಮ. 'ಗುರುವಾರ ಒಳ್ಳೆಯ ದಿನ, ಬುಧವಾರದ ಬದಲು ಗುರುವಾರ ಶುರುಮಾಡುವಾ' ಎಂದು ಮನೆಯಲ್ಲಿ ತಾವೇ ಒಂದು ದಿನ ಸರಿಸಿದರೆ ಈ ಎರಡು ವಯಸ್ಸುಗಳ ನಡುವೆ ಒಂದು ದಿನದ ಅಂತರ ಬಿದ್ದಂತಾಯಿತು. ಮರೆವಿನಿಂದ ಹಾಗಾದರೂ ಚಿಂತೆಯಿಲ್ಲ, ಭ್ರೂಣ ಇಡುವ ಮುನ್ನ ಆಸ್ಪತ್ರೆಗೆ ತಿಳಿಸಿದರೆ ಅವರು ದಿನವನ್ನು ಹೊಂದಿಸಿಕೊಳ್ಳಬಲ್ಲರು. ಮುಚ್ಚಿಟ್ಟರೆ ಅವರಿಗೂ ದಾರಿಯಿಲ್ಲ.

ಕೋಲ್ಕತ್ತದ ವೈದ್ಯ, ಬೆಂಗಳೂರಿನ ಸಾಕ್ಷಿ

ಈ ಹೊತ್ತಿನ ಮರ್ಮವನ್ನು ನಮ್ಮ ದೇಶದಲ್ಲಿ ಬಹು ಮೊದಲೇ ಅರಿತಿದ್ದವರೊಬ್ಬರ ಕಥೆಯನ್ನು ಇಲ್ಲಿ ಹೇಳದಿರಲಾರೆ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಎಂಬ ಜಗತ್ತಿನ ಮೊದಲ ಪ್ರನಾಳ ಶಿಶು ಜನಿಸಿತು. ಅಲ್ಲಿನ ಎಡ್ವರ್ಡ್ಸ್ ಮತ್ತು ಸ್ಟೆಪ್ಟೋ ಅವರು ವರ್ಷಗಟ್ಟಲೆ ಹಾರ್ಮೋನು ಕೊಟ್ಟು ಅಂಡಗಳನ್ನು ಬೆಳೆಸಿ ಸೋತು, ಕೊನೆಗೆ ಹಾರ್ಮೋನನ್ನೇ ಬಿಟ್ಟು, ತಾಯಿಯ ಸಹಜ ಋತುಚಕ್ರದ ಒಂದೇ ಅಂಡವನ್ನು ತೆಗೆದು ಗೆದ್ದಿದ್ದರು. ಸಹಜವಾದ ಎಲ್.ಎಚ್. ಏರಿಕೆ ಎಂದು ಬರುವುದೋ ಎಂದು ಮೂತ್ರ ಪರೀಕ್ಷಿಸುತ್ತ ಗಂಟೆಗಳನ್ನು ಎಣಿಸುತ್ತ ಅವರು ಕಾದಿದ್ದರು.

ಇದಾದ ಹತ್ತು ವಾರಗಳಿಗೆ, 1978ರ ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ದುರ್ಗಾ ಎಂದು ಕರೆಯಲಾದ ಹೆಣ್ಣುಶಿಶು ಜನಿಸಿತು. ಅದರ ಹಿಂದಿದ್ದವರು ಡಾ. ಸುಭಾಷ್ ಮುಖ್ಯೋಪಾಧ್ಯಾಯರು. ಅವರ ದಾರಿ ಬೇರೆ. ಹಾರ್ಮೋನು ಚುಚ್ಚಿ ಅಂಡಗಳನ್ನು ಬೆಳೆಸಿದರು. ಆದರೆ ಭ್ರೂಣವನ್ನು ಆ ತಿಂಗಳೇ ಗರ್ಭಕೋಶದಲ್ಲಿಡದೆ, ಶೈತ್ಯದಲ್ಲಿ 53 ದಿನ ಕಾಪಾಡಿ, ಮುಂದಿನ ಸಹಜ ಋತುಚಕ್ರದಲ್ಲಿ ಸ್ಥಾಪಿಸಿದರು. ಅಂಡಕ್ಕೆ ಹಿತವಾದ ಹಾರ್ಮೋನು ಅದೇ ತಿಂಗಳು ಗರ್ಭಕೋಶಕ್ಕೆ ಹಿತವಾಗಬೇಕೆಂದಿಲ್ಲ. ಅಂಡದ ಹೊತ್ತು ಬೇರೆ, ಗರ್ಭಕೋಶದ ಹೊತ್ತು ಬೇರೆ. ಇಂದು ಅನೇಕ ಆಸ್ಪತ್ರೆಗಳಲ್ಲಿ ಭ್ರೂಣವನ್ನು ಶೈತ್ಯದಲ್ಲಿಟ್ಟು 'ಮುಂದಿನ ತಿಂಗಳು ಬನ್ನಿ' ಎನ್ನುವುದು ಈ ಕ್ರಮವನ್ನೇ ಹೋಲುತ್ತದೆ.

ಅಂದಿನ ಪಶ್ಚಿಮ ಬಂಗಾಳ ಸರಕಾರ ನೇಮಿಸಿದ ಸಮಿತಿಯು ಅವರ ಮಾತನ್ನು ನಂಬಲಿಲ್ಲ. ಅವಮಾನದಿಂದ ಬೆಂದು 1981ರ ಜೂನ್ 19ರಂದು ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು.

ಮುಂದೆ 1986ರ ಆಗಸ್ಟ್ 6ರಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಹರ್ಷಾ ಎಂಬ ಶಿಶು ಜನಿಸಿದಾಗ, ಡಾ. ಇಂದಿರಾ ಹಿಂದುಜಾ ಮತ್ತು ಡಾ. ಟಿ.ಸಿ. ಆನಂದಕುಮಾರ್ ಅವರಿಗೆ ಭಾರತದ ಮೊದಲ ಪ್ರನಾಳ ಶಿಶುವಿನ ಕೀರ್ತಿ ಸಂದಿತು. ಆನಂದಕುಮಾರರು ನಂತರ ಬೆಂಗಳೂರಿಗೆ ಬಂದು ನೆಲೆಸಿ ಅಲ್ಲಿ ಸಂತಾನ ಚಿಕಿತ್ಸಾಲಯ ನಡೆಸಿದವರು. ಮುಖ್ಯೋಪಾಧ್ಯಾಯರ ಕೈಬರಹದ ಟಿಪ್ಪಣಿಗಳು ದೊರೆತಾಗ ಅವುಗಳನ್ನು ಕೂಲಂಕಷವಾಗಿ ಓದಿ, 1997ರಲ್ಲಿ ಬೆಂಗಳೂರಿನಿಂದ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, ಮೊದಲಿಗರು ತಾವಲ್ಲ, ಅವರು ಎಂದು ಬರೆದರು. ತನಗೆ ಬಂದ ಕಿರೀಟವನ್ನು ತಾನೇ ಇಳಿಸಿ ಸತ್ತವರ ತಲೆಗಿಡುವುದು ಸಣ್ಣ ಮಾತಲ್ಲ. ಆನಂದಕುಮಾರರು 2010ರಲ್ಲಿ ತೀರಿಕೊಂಡರು. ಅದೇ ವರ್ಷ ಎಡ್ವರ್ಡ್ಸ್ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಇದನ್ನು ಬರೆಯುವಾಗ ನನ್ನ ಅಮಾವಾಸ್ಯೆಯ ಮಾತು ನೆನಪಾಗಿ ನಾಚಿಕೆಯಾಗುತ್ತದೆ.

ಎಂದಿನವರೆಗೆ?

ಗುಳಿಗೆಯನ್ನು ಎಂದು ಆರಂಭಿಸಬೇಕೆಂಬಷ್ಟೇ ಎಂದು ನಿಲ್ಲಿಸಬೇಕೆಂಬುದೂ ಮುಖ್ಯ. ಆರ್ಪಾಡ್ ಚಾಪೋ ಎಂಬ ವಿಜ್ಞಾನಿ 1970ರ ದಶಕದ ಆರಂಭದಲ್ಲಿ ಕಂಡುಕೊಂಡಂತೆ, ಗರ್ಭದ ಏಳನೆಯ ವಾರಕ್ಕೆ ಮುಂಚೆ ಅಂಡಾಶಯದ ಹಳದಿ ಗ್ರಂಥಿ ಇಲ್ಲವಾದರೆ ಗರ್ಭ ನಿಲ್ಲುವುದಿಲ್ಲ. ಒಂಬತ್ತನೆಯ ವಾರದ ಹೊತ್ತಿಗೆ ಮಾಸು ಬೆಳೆದು ತಾನೇ ಬೇಕಾದ ಹಾರ್ಮೋನನ್ನು ತಯಾರಿಸಿಕೊಳ್ಳುತ್ತದೆ. ಗುಳಿಗೆಗಳಿಂದಲೇ ಒಳಪದರವನ್ನು ಸಿದ್ಧಪಡಿಸಿದ ತಿಂಗಳಲ್ಲಿ ಅಂಡ ಬಿಡುಗಡೆಯೇ ಆಗಿರುವುದಿಲ್ಲವಾದ್ದರಿಂದ ಹಳದಿ ಗ್ರಂಥಿಯೂ ಇರುವುದಿಲ್ಲ. ಹೊರಗಿನಿಂದ ಕೊಡುವ ಹಾರ್ಮೋನೇ ಆಧಾರ. ಅಂಥವರಿಗೆ ಹತ್ತು ಹನ್ನೆರಡು ವಾರದವರೆಗೂ ಮುಂದುವರಿಸುತ್ತಾರೆ. 'ಪರೀಕ್ಷೆಯಲ್ಲಿ ಗರ್ಭ ನಿಂತದ್ದು ತಿಳಿಯಿತಲ್ಲ, ಇನ್ನೇಕೆ ಉಷ್ಣದ ಗುಳಿಗೆ' ಎಂದು ಮನೆಯ ಹಿರಿಯರು ನಿಲ್ಲಿಸಿಬಿಡುವುದುಂಟು. ಇದು ನಿಂತ ಗರ್ಭವನ್ನು ಕಳೆದುಕೊಳ್ಳುವ ದಾರಿ. ಸಹಜ ಚಕ್ರದಲ್ಲಿ ಗರ್ಭ ನಿಂತವರಿಗೆ ಬೇಗನೆ ನಿಲ್ಲಿಸಲೂ ಬಹುದು. ಪಕ್ಕದ ಮನೆಯವಳ ಲೆಕ್ಕ ನಮ್ಮ ಮನೆಯವಳಿಗೆ ಹೊಂದುವುದಿಲ್ಲ.

ಹಾಗೆಂದು ಪ್ರೊಜೆಸ್ಟರೋನ್ ಸರ್ವಕ್ಕೂ ಸಂಜೀವಿನಿಯಲ್ಲ. ಮತ್ತೆ ಮತ್ತೆ ಗರ್ಭಪಾತವಾದ 836 ಸ್ತ್ರೀಯರನ್ನು ಒಳಗೊಂಡು 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಗರ್ಭ ನಿಂತದ್ದು ತಿಳಿದೊಡನೆ ಪ್ರೊಜೆಸ್ಟರೋನ್ ಪಡೆದವರಲ್ಲಿ ನೂರಕ್ಕೆ 65.8 ಮಂದಿಗೂ, ಹುಸಿ ಮಾತ್ರೆ ಪಡೆದವರಲ್ಲಿ 63.3 ಮಂದಿಗೂ ಜೀವಂತ ಶಿಶು ಜನಿಸಿತು. ಹೇಳಿಕೊಳ್ಳುವಂಥ ಭೇದವಿಲ್ಲ. ಅದೇ ತಂಡವು 2019ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಗರ್ಭದ ಆರಂಭದ ವಾರಗಳಲ್ಲಿ ರಕ್ತ ಕಂಡ 4153 ಸ್ತ್ರೀಯರಿದ್ದರು. ಒಟ್ಟಾರೆ 75 ಮತ್ತು 72, ಅಲ್ಲಿಯೂ ಖಚಿತವೆನ್ನುವ ಭೇದ ಕಾಣಲಿಲ್ಲ. ಆದರೆ ಈ ಮೊದಲು ಮೂರು ಅಥವಾ ಹೆಚ್ಚು ಗರ್ಭಪಾತ ಕಂಡು ಈಗ ರಕ್ತವೂ ಕಂಡವರಲ್ಲಿ ಅದು 72 ಮತ್ತು 57 ಆಗಿತ್ತು. ಯಾರಿಗೆ, ಯಾವಾಗ ಎಂಬುದರ ಮೇಲೆ ಫಲ ನಿಂತಿದೆ.

ಇನ್ನೆರಡು ಸಣ್ಣ ಮಾತು. ಪ್ರೊಜೆಸ್ಟರೋನ್ ನುಂಗುತ್ತಿರುವಾಗ ಮುಟ್ಟು ತಡವಾಗುವುದು ಸಹಜ, ಅದನ್ನೇ ಗರ್ಭವೆಂದು ಸಕ್ಕರೆ ಹಂಚಬಾರದು. ಅಂಡ ಬಲಿಸುವ ಸೂಜಿಯಾದ ಹತ್ತು ಹದಿನಾಲ್ಕು ದಿನದೊಳಗೆ ಮನೆಯಲ್ಲಿಯೇ ಮೂತ್ರ ಪರೀಕ್ಷೆ ಮಾಡಿದರೆ, ಆ ಸೂಜಿಯ ಮದ್ದೇ ಎರಡು ಗೆರೆ ತೋರಿಸಿ ಮೋಸಗೊಳಿಸಬಹುದು.

ಇಲ್ಲದ ಸೂತಕ, ಇರುವ ಗುಳಿಗೆ

ಮುಟ್ಟಿನ ಮೊದಲ ದಿನವನ್ನು ಸರಿಯಾಗಿ ಹೇಳಬಲ್ಲ ಹೆಣ್ಣುಮಕ್ಕಳು ಚಿಕಿತ್ಸೆಗೆ ಬರುವವರಲ್ಲಿಯೂ ಕಡಿಮೆಯೆಂದು ಆ ವೈದ್ಯೆ ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ. ಅಂಡ ಬೆಳೆಸುವ ಗುಳಿಗೆಗಳನ್ನು ಎರಡನೆಯ, ಮೂರನೆಯ ಅಥವಾ ಐದನೆಯ ದಿನದಿಂದ ಐದು ದಿನ ಕೊಡುವ ಪದ್ಧತಿ. ಚುಚ್ಚುಮದ್ದುಗಳನ್ನು ಸಾಮಾನ್ಯವಾಗಿ ಎರಡು ಇಲ್ಲವೆ ಮೂರನೆಯ ದಿನ ಆರಂಭಿಸುತ್ತಾರೆ. ಮೊದಲ ದಿನ ತಪ್ಪಿದರೆ ಮುಂದಿನದೆಲ್ಲವೂ ತಪ್ಪುತ್ತದೆ. ಅತ್ತೆಗೂ ಗಂಡನಿಗೂ ಹೇಳಲು ಸಂಕೋಚ. ಮನೆಯಲ್ಲಿ ಕ್ಯಾಲೆಂಡರಿನ ಮೇಲೆ ಗುರುತು ಹಾಕಿದರೆ ಯಾರಾದರೂ ನೋಡಿಯಾರೆಂಬ ಭಯ.

ಇದಕ್ಕಿಂತ ಹೆಚ್ಚು ನನ್ನನ್ನು ಕಲಕಿದ್ದು ಮುಟ್ಟು ಮುಂದೂಡುವ ಗುಳಿಗೆಯ ಮಾತು. ನೊರೆಥಿಸ್ಟೆರೋನ್ ಎಂಬ, ಪ್ರೊಜೆಸ್ಟರೋನಿನ ಜಾತಿಗೇ ಸೇರಿದ ಈ ಮದ್ದನ್ನು ಮುಟ್ಟು ಬರುವುದಕ್ಕೆ ಮೂರು ದಿನ ಮುಂಚಿನಿಂದ ದಿನಕ್ಕೆ ಮೂರರಂತೆ ನುಂಗುತ್ತಾರೆ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ಆಮೇಲೆ ಶಿವರಾತ್ರಿ, ನಡುವೆ ಗೃಹಪ್ರವೇಶ, ಮದುವೆ. ಸಂತಾನ ಚಿಕಿತ್ಸೆಯಲ್ಲಿರುವ ಹೆಣ್ಣುಮಕ್ಕಳೂ ಯಾರಿಗೂ ಹೇಳದೆ ಅಂಗಡಿಯಿಂದ ಇದನ್ನು ತರಿಸಿಕೊಳ್ಳುತ್ತಾರಂತೆ. ವೈದ್ಯರು ಕಷ್ಟಪಟ್ಟು ಹೊಂದಿಸಿದ ಚಕ್ರವೆಲ್ಲ ಇದರಿಂದ ಅಳಿಸಿಹೋಗುತ್ತದೆ. ಗರ್ಭ ನಿಂತಿರುವ ಸಂಭವವಿದ್ದಾಗ ಇದನ್ನು ನುಂಗಲೇಬಾರದು.

ಇದು ನಡೆಯುವುದು ಲಿಂಗಾಯತರ ಮನೆಗಳಲ್ಲಿ! ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣರು ತಳ್ಳಿಹಾಕಿದರೆಂದು ನಮ್ಮ ಮಕ್ಕಳಿಗೆ ಕಲಿಸುತ್ತೇವೆ. ಲಿಂಗವು ಎದೆಯ ಮೇಲಿರುವಾಗ ರಜಸ್ಸೂತಕವೆಲ್ಲಿಯದು? ಅನುಭವ ಮಂಟಪದ ನೆಲ ನಮ್ಮ ತಾಲೂಕಿನಲ್ಲಿದೆ. ಆ ನೆಲದ ಸೊಸೆಯಂದಿರು ಮುಟ್ಟಿನ ಅಂಜಿಕೆಯಿಂದ ಗುಳಿಗೆ ನುಂಗಿ ತಾಯ್ತನವನ್ನು ಮುಂದೂಡುತ್ತಿದ್ದಾರೆ. ಅತ್ತೆಯರು ತಾವೇ ಮುಂದಾಗಿ, "ನಿನ್ನ ದಿನ ಯಾವಾಗ ಬಂತವ್ವ, ಕ್ಯಾಲೆಂಡರದಾಗ ಬರದಿಡು" ಎಂದರೆ ಅರ್ಧ ಚಿಕಿತ್ಸೆ ಮನೆಯಲ್ಲಿಯೇ ಆದಂತೆ.

ಪೂಜೆ, ಗುಳಿಗೆ ಮತ್ತು ಗಂಡಸರು

ಥೈರಾಯಿಡ್ ಹಾರ್ಮೋನಿನ ಕೊರತೆ ಇರುವವರಿಗೆ ಕೊಡುವ ಗುಳಿಗೆಯ ವಿಷಯದಲ್ಲಿ ಹಲವರು ನನ್ನನ್ನು ಕೇಳಿದ್ದಾರೆ. ಅದನ್ನು ಬರಿಹೊಟ್ಟೆಯಲ್ಲಿ ಬರಿ ನೀರಿನೊಡನೆ ನುಂಗಿ ಅರ್ಧದಿಂದ ಒಂದು ಗಂಟೆಯವರೆಗೆ ಏನೂ ತಿನ್ನಬಾರದು, ಚಹಾ ಕೂಡ ಬೇಡ. ಕಬ್ಬಿಣ ಮತ್ತು ಸುಣ್ಣದ ಗುಳಿಗೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರ ಬೇಕು. ಇಷ್ಟಲಿಂಗ ಪೂಜೆಗೆ ಮುಂಚೆ ಏನನ್ನೂ ಬಾಯಿಗೆ ಹಾಕದ ನೇಮವುಳ್ಳ ತಾಯಂದಿರು ಪೂಜೆ ಮುಗಿಸಿ, ಪ್ರಸಾದ ಸ್ವೀಕರಿಸಿ, ಆಮೇಲೆ ಗುಳಿಗೆ ನುಂಗುತ್ತಾರೆ. ಅದರ ಫಲ ಕುಗ್ಗುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ಎದ್ದೊಡನೆ ಲಿಂಗವನ್ನು ನೆನೆದು ಗುಳಿಗೆ ನುಂಗಿರಿ, ಆಮೇಲೆ ಸ್ನಾನ, ಪೂಜೆ. ಪೂಜೆ ಮುಗಿಯುವ ಹೊತ್ತಿಗೆ ಬೇಕಾದ ಅವಧಿ ತಾನಾಗಿಯೇ ಕಳೆದಿರುತ್ತದೆ. ಕಾಯಕ್ಕೆ ಹಿತವಾದ ಔಷಧಿಯಿಂದ ನೇಮ ಕೆಡುವುದೆಂದು ನಾನು ಯಾವ ವಚನದಲ್ಲಿಯೂ ಓದಿಲ್ಲ.

ಫೋಲಿಕ್ ಆಮ್ಲ ಹಾರ್ಮೋನಲ್ಲ, ಆದರೂ ಹೊತ್ತಿನ ಮಾತು ಅದಕ್ಕೂ ಇದೆ. ಶಿಶುವಿನ ಬೆನ್ನುಹುರಿಯ ನಾಳ ಮುಚ್ಚುವುದು ಗರ್ಭ ಅಂಕುರಿಸಿದ ಇಪ್ಪತ್ತೆಂಟು ದಿನದೊಳಗೆ. ಬಹಳ ಮಂದಿಗೆ ಆಗಿನ್ನೂ ಬಸಿರೆಂದು ತಿಳಿದೂ ಇರುವುದಿಲ್ಲ. ಆದುದರಿಂದ ಅದನ್ನು ಒಂದು ತಿಂಗಳಾದರೂ ಮುಂಚೆಯೇ ಆರಂಭಿಸಬೇಕು.

ಗಂಡಸರ ವಿಷಯ. ಮಕ್ಕಳಾಗದಿರುವಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಪಾಲೂ ಇರುತ್ತದೆ, ಆದರೆ ಹರಕೆ ಹೊರುವವಳು, ಉಪವಾಸ ಮಾಡುವವಳು, ಮಾತು ಕೇಳಿಸಿಕೊಳ್ಳುವವಳು ಹೆಂಡತಿಯೊಬ್ಬಳೇ. ಈಚೆಗೆ ಪಟ್ಟಣಗಳ ವ್ಯಾಯಾಮಶಾಲೆಗಳಲ್ಲಿ ಯುವಕರು ಮೈ ಬೆಳೆಸಲು, ಇನ್ನು ಕೆಲವರು 'ಗಂಡಸುತನ'ಕ್ಕೆಂದು ಟೆಸ್ಟೋಸ್ಟೆರೋನ್ ಚುಚ್ಚಿಸಿಕೊಳ್ಳುತ್ತಾರೆ. ಇದು ಗಂಡಸಿನ ಹಾರ್ಮೋನೆಂಬುದು ನಿಜ, ಆದರೆ ಹೊರಗಿನಿಂದ ಕೊಟ್ಟಾಗ ಮಿದುಳು 'ಸಾಕು' ಎಂದು ತಿಳಿದು ವೀರ್ಯಾಣು ತಯಾರಿಕೆಗೆ ಬೇಕಾದ ಪ್ರೇರಣೆಯನ್ನೇ ನಿಲ್ಲಿಸುತ್ತದೆ. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಚುಚ್ಚುಮದ್ದನ್ನು ಪುರುಷರ ಸಂತಾನನಿಯಂತ್ರಣ ಸಾಧನವೆಂದು ಪರೀಕ್ಷಿಸಲಾಗಿತ್ತು ಎಂದರೆ ಇನ್ನೇನು ಹೇಳಬೇಕು? ಒಂದು ವೀರ್ಯಾಣು ರೂಪುಗೊಳ್ಳಲು ಎರಡೂವರೆ ತಿಂಗಳು ಹಿಡಿಯುತ್ತದೆ. ಸೂಜಿ ನಿಲ್ಲಿಸಿದರೂ ಮೊದಲಿನ ಸ್ಥಿತಿಗೆ ಬರಲು ಹಲವು ತಿಂಗಳು ಬೇಕು. ಹೆಂಡತಿಯ ಚಿಕಿತ್ಸೆ ಆರಂಭವಾಗುವುದಕ್ಕೆ ಬಹು ಮುಂಚೆಯೇ ಗಂಡನು ಈ ಮಾತನ್ನು ವೈದ್ಯರಲ್ಲಿ ಬಿಚ್ಚಿ ಹೇಳಬೇಕು.

ಊರಿನಿಂದ ಆಸ್ಪತ್ರೆಗೆ

ಕೊಹಿನೂರದಂಥ ಊರುಗಳಿಂದ ಹೋಗಿಬರುವವರು ಕೆಲವು ಸಿದ್ಧತೆ ಮಾಡಿಕೊಳ್ಳುವುದೊಳಿತು. ಒಂದು ನೋಟುಬುಕ್ಕು. ಅದರಲ್ಲಿ ಮುಟ್ಟಿನ ದಿನ, ಗುಳಿಗೆಯ ಹೆಸರು, ನುಂಗಿದ ದಿನ ಮತ್ತು ಗಂಟೆ. ರಾತ್ರಿಯ ಸೂಜಿಗೆ ಒಬ್ಬರನ್ನು ಗೊತ್ತುಮಾಡಿ, ಅವರಿಗೆ ಅಡಚಣೆಯಾದರೆ ಇನ್ನೊಬ್ಬರನ್ನೂ ಹೇಳಿಟ್ಟಿರಬೇಕು. ಕೆಲವು ಮದ್ದುಗಳನ್ನು ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿಡಬೇಕು. ಬೇಸಿಗೆಯಲ್ಲಿ ಕರೆಂಟು ಹೋದರೆ ಮಂಜುಗಡ್ಡೆ ಎಲ್ಲಿ ಸಿಗುವುದೆಂದು ಮೊದಲೇ ನೋಡಿಟ್ಟುಕೊಳ್ಳಬೇಕು. ಆದರೆ ಮದ್ದು ಹೆಪ್ಪುಗಟ್ಟಬಾರದು. ಆಸ್ಪತ್ರೆಯಲ್ಲಿ ರಾತ್ರಿ ಫೋನು ಎತ್ತುವ ನಂಬರು ಯಾವುದೆಂದು ಕೇಳಿ ಬರೆದುಕೊಳ್ಳಿರಿ. ಹೊತ್ತು ತಪ್ಪಿದರೆ ಒಂದೇ ಉಪಾಯ, ತಕ್ಷಣ ಆ ನಂಬರಿಗೆ ತಿಳಿಸುವುದು. ಎರಡು ಸಲದ್ದನ್ನು ಒಮ್ಮೆಗೇ ನುಂಗುವುದು, ಚುಚ್ಚಿಸುವುದು ಬೇಡ. ಆಸ್ಪತ್ರೆಯು 2021ರ ಕಾಯಿದೆಯಂತೆ ನೋಂದಾಯಿತವಾಗಿದೆಯೇ ಎಂದು ಕೇಳುವುದರಲ್ಲಿಯೂ ತಪ್ಪಿಲ್ಲ.

ಆ ದಂಪತಿಗಳು ಎರಡು ಹಂಗಾಮಿನ ತೊಗರಿ ಮಾರಿ, ಒತ್ತೆಯನ್ನು ಅರ್ಧ ಬಿಡಿಸಿಕೊಂಡು, ಮತ್ತೆ ಚಿಕಿತ್ಸೆಗೆ ಹೋದರು. ಈ ಸಲ ಸೂಜಿಯ ರಾತ್ರಿ ಯಾವ ತಿಥಿಯಿತ್ತೋ ನನಗೆ ಗೊತ್ತಿಲ್ಲ, ಅವರು ಕೇಳಲಿಲ್ಲ. ಕಳೆದ ತಿಂಗಳು ಆ ತಾಯಿಯೇ ಫೋನು ಮಾಡಿ ಬೇರೊಂದು ಪ್ರಶ್ನೆ ಕೇಳಿದಳು. "ಎಂಟನೇ ತಿಂಗಳದಾಗ ಗರ್ಭಲಿಂಗಧಾರಣ ಮಾಡಿಸಬೇಕಲ್ರಿ ಅಯ್ನೋರೆ, ಸೊಸಿದು ತಿಂಗಳ ಎಲ್ಲಿಂದ ಎಣಸೋದು? ಭ್ರೂಣ ಇಟ್ಟ ದಿನದಿಂದ ಏನು?" ನಾನು ಆ ವೈದ್ಯೆಯನ್ನೇ ಕೇಳಿದೆ. ಸಹಜ ಬಸಿರಿನಲ್ಲಿ ಕೊನೆಯ ಮುಟ್ಟಿನಿಂದ ಎಣಿಸುವ ರೂಢಿಯಿರುವುದರಿಂದ, ಇಲ್ಲಿಯೂ ಅದಕ್ಕೆ ಸರಿಹೊಂದುವಂತೆ ಅಂಡ ತೆಗೆದ ದಿನವನ್ನು ಎರಡು ವಾರವೆಂದು ಹಿಡಿಯುತ್ತಾರಂತೆ. ಐದು ದಿನದ ಭ್ರೂಣವನ್ನು ಇಟ್ಟರೆ, ಇಟ್ಟ ದಿನ ಬಸಿರಿಗೆ ಎರಡು ವಾರ ಐದು ದಿನ. ಆ ಲೆಕ್ಕದಂತೆ ಎಂಟನೆಯ ತಿಂಗಳು ಎಂದು ಆರಂಭವಾಗುತ್ತದೆಂಬುದನ್ನು ಒಂದು ಚೀಟಿಯಲ್ಲಿ ಬರೆದು, ಅವರ ಮನೆಯ ಗುರುಗಳಿಗೆ ತಲುಪಿಸಿದ್ದೇನೆ.